ಬದಲಿ ನೀರು

ಹೊಳಿ ತಡದು ನಿಲ್ಲಿಸಿದ ಮ್ಯಾಲೆ
ಮುಂಡರಗಿ ಕಡೆ ಎರಿಹೊಲದಾಗ
ಸುಣ್ಣದ ಗೆರಿ ಹೊಡದು ಹೇಳಿದರು:
ಇಲ್ಲೆ ನಲವತ್ತೆರಡು ಎಕರೆ ಜೌಗು ಆಗಬೇಕು.

ದಾವಲಸಾಬ ಹಿಟಾಚಿ ತಂದ.
ಬ್ಯಾರೇಜಿನ ಬುನಾದಿ ತೋಡಿದ್ದೂ ಇದ ಬಕೀಟು.
"ಎಷ್ಟು ಆಳ, ಸಾಹೇಬ್ರ?"
ನಕಾಶೆದಾಗ ನೀರಿಗೆ ಒಂದ ಬಣ್ಣ.
ಸಾಹೇಬ್ರು ಹಾಳಿ ತಿರುವಿದರು, ಮತ್ತ ತಿರುವಿದರು.

ಫಕೀರವ್ವ ಬಾರಕೇರ ಗೆರಿ ದಾಟಿ ಬಂದು
ತನ್ನ ಕಾಲ ಮ್ಯಾಲೆ ಬೆರಳಿಟ್ಟು ತೋರಿಸಿದಳು:
ಉಲ್ಲಂಕಿಗೆ ಹಿಮ್ಮಡ ತೊಯ್ಯುವಷ್ಟು,
ಕೊಕ್ಕರಿಗೆ ಇಲ್ಲಿತನಕ, ಮೀನಖಂಡ,
ಬಾತಿಗೆ ಮೊಣಕಾಲು.
ನೀರುನಾಯಿಗೆ...
ಅಂದಾಕಿ ಸೀರಿ ಇಳಿಬಿಟ್ಟಳು.
ಮುಳುಗಿದ ಕಲ್ಲಸಂದಿಗೆ ಅಳತಿ ಎಲ್ಲೈತಿ?

ಮೊದಲ ವರ್ಷ ಬರೇ ನೀರು, ಎಮ್ಮಿ ಮೈ ತೊಳ್ಯಾಕ ಸಾಕು.
ಆಕಿ ಹರಗೋಲಿನಾಗ ಹಳೇ ದಂಡಿಯ ಜೊಂಡು ತಂದು
ಬೇರಿನ ಕೆಸರು ತೊಳಿಯದ ಊರಿದಳು.
ಆ ಕೆಸರಿನಾಗ ಏನೇನ ಮಲಗಿರತಾವೋ.

ಎರಡನೇ ಬ್ಯಾಸಗಿ, ಹೂಳು ತಗಿಯಾಕ ಬಂದ ದಾವಲಸಾಬ
ಕೀಲಿ ತಿರುವಾಂವ ಕೈ ತಗದ.
ಹೋದವಾರದ ಚೈನಿನ ಗುರುತಿನಾಗ, ಹೆಂಟಿ ನಡುವ
ಟಿಟ್ಟಿಭದ ನಾಕು ತತ್ತಿ,
ಹೆಂಟಿಯಂಥವ.
ಇಪ್ಪತ್ತೆಂಟು ದಿನ ಮಶೀನು ನಿಂತಿತು.
ಗುತ್ತಿಗೆದಾರ ಫೋನಿನಾಗ ಬೈದ ಬೈಗುಳಕ್ಕ
ಒಂದ ಉತ್ತರ: "ಡೀಸಲ್ ಇಲ್ರಿ."

ವಹಿಯಾಗ ಬರದರು: ನಷ್ಟ ಭರ್ತಿ.
ಫಕೀರವ್ವ ನಕ್ಕಳು:
"ಬಡ್ಡಿ ಬಂತು ಬಿಡೊ ಎಪ್ಪಾ. ಅಸಲು ನೀರಾಗೈತಿ."

ಈಗೂ ಸಂಜಿಮುಂದ ಹೊಳಿ ದಂಡ್ಯಾಗ
ಒಂದು ಮೀನತಲಿ ಇಟ್ಟು ಬರತಾಳ.
ನಾಯಿ ತಿಂತಾವೋ, ನೀರುನಾಯಿಯೋ,
ತಿರುಗಿ ನೋಡಂಗಿಲ್ಲ.