ಎಂಟನೆಯ ಗುಳಿ

ಬೆಟ್ಟಹಲಸೂರಿನಾಚೆ, ಬೆಳಗ್ಗೆ ಹತ್ತೂಕಾಲು.
ಗಂಟಲಿಗೆ ಕಲ್ಲು ಸಿಕ್ಕಿ ಕ್ರಷರ್ ಉಬ್ಬಸಪಟ್ಟಿತು.
ಬೆಲ್ಟು ಬರಿದೇ ಓಡಿತು,
ಕೆಳಗೆ ಟಿಪ್ಪರಿನವರು ಬೀಡಿ ಹಚ್ಚಿದರು.

ಮೊದಲಾಗಿದ್ದರೆ ಓಬಳಪ್ಪ ಇಳಿಯುತ್ತಿದ್ದ,
ಸೊಂಟಕ್ಕೆ ಹಗ್ಗ, ಕೈಯಲ್ಲಿ ಹಾರೆ,
ದವಡೆಯ ಒಳಕ್ಕೇ.
"ಆಫ್ ಮಾಡಿದೀರೇನ್ರೋ?" ಅಂತ ಮೂರು ಸಲ ಕೂಗಿ
ಮೂರಕ್ಕೂ ಉತ್ತರ ಬರುವ ತನಕ
ಕಾಲಿಡುತ್ತಿರಲಿಲ್ಲ.
ಅದಕ್ಕೇ ಬದುಕಿದ್ದಾನೆ.
ಚಿಕ್ಕಜಾಲದಲ್ಲಿ ಎರಡು ಸೀಮೆಹಸು ಕಟ್ಟಿದ್ದಾನೆ.

ಈಗ ನಾನು, ಗಾಜಿನ ಡಬ್ಬಿಯಲ್ಲಿ,
ಜಾಯ್‌ಸ್ಟಿಕ್ಕಿನ ಮೇಲೆ ಎರಡು ಬೆರಳು.
ಕಾಂಕ್ರೀಟಿನಲ್ಲಿ ಹೂತು ನಿಂತ ಕಬ್ಬಿಣದ ತೋಳು
ಎಲ್ಲಿಗೂ ಹೋಗದು,
ಬಾವಿಗೆ ಬಗ್ಗಿ ನೋಡುವವಳ ಹಾಗೆ
ಬಗ್ಗುತ್ತದೆ, ಅಷ್ಟೆ.

ಎರಡು ಏಟು. ಎರಡೂ ಜಾರಿದವು.
"ಖಾಲಿ ಹೊಡೀಬೇಡ, ಪಿನ್ನು ಹೋಗುತ್ತೆ!"
ವಾಕಿಟಾಕಿಯಲ್ಲಿ ಸೂಪರ್‌ವೈಸರ್ ಸಿಡುಕಿದ.

ಕಲ್ಲು ಮಗ್ಗುಲಾಯಿತು.
ಬೆನ್ನ ಮೇಲೆ ಸಾಲಾಗಿ ಏಳು ಗುಳಿ,
ಉಳಿಯಲ್ಲಿ ತೋಡಿದವು, ಹೆಬ್ಬೆರಳಗಲ.
ಬೆಣೆ ಇಳಿಸಲು ಯಾರೋ ಗುರುತು ಮಾಡಿಟ್ಟು
ಊಟಕ್ಕೆದ್ದವರು ಮತ್ತೆ ಬಂದಿಲ್ಲ,
ಯಾವ ಕಾಲದ ಊಟವೋ.

ಸಾಲಿನ ತುದಿಗೆ ಒಂದು ಗೇಣು ಬಿಟ್ಟು
ಎಂಟನೆಯದಿರಬೇಕಾದ ಜಾಗಕ್ಕೆ
ಕೊಕ್ಕು ಊರಿದೆ.
ಒಂದೇ ಏಟು.
ಹೋಳಾಯಿತು, ನೇರ,
ಅವರು ಎಣಿಸಿದ್ದ ಗೆರೆಯಲ್ಲೇ.

ದವಡೆ ಅಗಿಯತೊಡಗಿತು. ಬೀಡಿಗಳು ಆರಿದವು.
ಸಂಜೆಗೆ ಹೆಬ್ಬಾಳದ ಯಾವುದೋ ಮೂರನೇ ಮಹಡಿಗೆ
ಮುಕ್ಕಾಲು ಇಂಚಿನ ಜಲ್ಲಿ.

"ಎಷ್ಟು ಏಟಾಯ್ತು? ಪುಸ್ತಕದಲ್ಲಿ ಬರೀಬೇಕು."

ಹತ್ತು, ಅಂದೆ.