ಕಾಗದ ಬರಲಿ

ಅಂತರಸನಹಳ್ಳಿ ಯಾರ್ಡಿನ ಹಿಂದೆ, ನಾಲ್ಕನೇ ಚೇಂಬರಿನ ಬಾಗಿಲು
ಒಂದು ಗೇಣು ದಪ್ಪ.
ತೆರೆದರೆ ಮೊದಲು ಹೊರಬರುವುದು ಚಳಿ,
ಅದರ ಬೆನ್ನಿಗೆ ಹುಳಿ.
ಹದಿನೆಂಟು ವರ್ಷ ಅದರ ಬೀಗದ ಕೈ
ನನ್ನ ಉಡಿದಾರದಲ್ಲಿತ್ತು.

ತೋಂಟಾರಾಧ್ಯ ಬಂದದ್ದು ಶನಿವಾರ, ಲಾರಿ ಸಮೇತ.
"ಹುಚ್ಚೀರಣ್ಣ, ಚೀಟಿ ಬ್ಯಾಂಕಲ್ಲೈತೆ. ಸೋಮವಾರ ಬಿಡಿಸ್ಕಂಡ್ ಬತ್ತೀನಿ.
ಸೇಲಂ ಪಾರ್ಟಿ ಕಾಯ್ತಾವ್ನೆ, ರೇಟು ಇವತ್ತಿಂದು."
ನನ್ನ ಮಗಳ ಹೆರಿಗೆಗೆ ಅಪರಾತ್ರಿಯಲ್ಲಿ ಬಂದದ್ದು ಅವನ ಜೀಪು.
ಅವನಪ್ಪನ ಹೆಣಕ್ಕೆ ನಾನೂ ಹೆಗಲು ಕೊಟ್ಟಿದ್ದೆ.
ಇನ್ನೂರ ಹದಿನಾಲ್ಕು ಮೂಟೆ, ಬೀಜ ಬಿಡಿಸಿದ ಹೊಸ ಹುಣಸೆ,
ಜೇನಿನ ಬಣ್ಣ.
ಹಮಾಲಿ ಇನಾಯತ್ ಕೊನೇ ಮೂಟೆ ಹೊತ್ತಾಗ
ನನ್ನ ಮುಖ ನೋಡಿದ. ನಾನು ತಕ್ಕಡಿ ನೋಡಿದೆ.

ಎಷ್ಟೋ ಸೋಮವಾರಗಳು ಬಂದವು.
ಆಮೇಲೆ ಬ್ಯಾಂಕಿನ ಹುಡುಗಿ ಬಂದಳು, ಫೈಲು, ಟಾರ್ಚು, ಸ್ವೆಟರು.
ಖಾಲಿ ಅಟ್ಟಣಿಗೆಗೆ ಬೆಳಕು ಬಿಟ್ಟು
ಒಂದು, ಎಂದಳು ಅಭ್ಯಾಸಬಲದಿಂದ.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಕೇಳಿದ್ದು ಇಷ್ಟೇ:
"ರಸೀತಿ ವಾಪಸು ಪಡೆಯದೆ ಮಾಲು ಬಿಟ್ಟಿರಿ. ಏನು ನೋಡಿ ಬಿಟ್ಟಿರಿ?"
ಮುಖ ನೋಡಿ, ಎಂದೆ.
ಟೈಪು ಮಾಡುವಾಕೆಯ ಕೈ ತಡೆಯಿತು.
ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.
ಕಲಮಿನಲ್ಲಿ ಮುಖಕ್ಕೆ ಜಾಗವಿಲ್ಲ.
ಒಂದು ಪೈಸೆ ಮುಟ್ಟಿಲ್ಲ ಸ್ವಾಮಿ, ಎಂದೆ.
ಅದನ್ನೂ ಬರೆದುಕೊಂಡರು.

ಹೇಳಬೇಕೆಂದದ್ದು ಅದಲ್ಲ.
ಅದಕ್ಕೂ ಮೊದಲು, ಜಾಮೀನು ಆದ ದಿನ, ಸಂಜೆ ಆರಾದರೂ
ಆದೇಶದ ಪ್ರತಿ ಜೈಲು ಮುಟ್ಟಲಿಲ್ಲ.
ಗೇಟಿನ ವಾರ್ಡರ್ ಬೆಳ್ಳಾವಿ ಕಡೆಯವನು,
ನನ್ನ ತಮ್ಮನ ಜೊತೆ ಓದಿದವನು.
"ನಂಗ್ ಗೊತ್ತಿಲ್ವಾ ನೀನು? ಜಾಮೀನಾಗಿರೋದೂ ಗೊತ್ತು.
ಕಾಗ್ದ ಬರ್ಲಿ ಕಣಣ್ಣ" ಅಂದು
ಒಂದು ಮುದ್ದೆ ಹೆಚ್ಚಿಗೆ ಹಾಕಿಸಿ
ಬೀಗ ಜಡಿದ.

ಆ ರಾತ್ರಿ ನೆನಪಾದವಳು ಈರಕ್ಕ, ಮಿಡಿಗೇಶಿಯವಳು.
ಹನ್ನೆರಡು ಮೂಟೆ.
ಚೀಟಿಯನ್ನು ಸೆರಗಿನ ಗಂಟಲ್ಲಿಟ್ಟು
ಸೀರೆ ಒಗೆದುಬಿಟ್ಟಿದ್ದಳು.
ಅಂಗೈಯಲ್ಲಿ ನೀಲಿ ಉಂಡೆ ಹಿಡಿದು "ಇದೇ ಕಣಪ್ಪ ಅದು" ಎಂದರೆ
ನಾನು, ರೂಲು ಬಲ್ಲವನು,
ಅಫಿಡವಿಟ್ಟು ಎಂದೆ, ಪೇಪರಿನಲ್ಲಿ ಜಾಹೀರಾತು ಎಂದೆ,
ನೋಟರಿ ಮೊಹರು ಮಸುಕು ಎಂದೆ.
ನಾಲ್ಕು ಸಲ ಬಸ್ಸು ಹತ್ತಿಸಿದೆ.
ಗುರುತಿರಲಿಲ್ಲವೆಂದಲ್ಲ. ಪ್ರತಿ ಮೂಟೆಯ ಬಾಯಿಗೂ
ಅವಳದೇ ಕೈಹೊಲಿಗೆ, ಕೆಂಪು ದಾರ.
ಕಾನೂನಿನ ಪ್ರಕಾರ ಸರಿಯಾಗಿಯೇ ಇದ್ದೆ ಆವತ್ತು.

ಬೆಳಗ್ಗೆ ಒಂಬತ್ತೂವರೆಗೆ ಕಾಗದ ಬಂತು.
ಗುಮಾಸ್ತ ಹೆಸರು ಕೂಗಿ, ತಂದೆಯ ಹೆಸರು ಕೂಗಿ,
ತೋಳು ಮಡಿಸಿ ಎಡ ಮೊಣಕೈಯ ಮಚ್ಚೆ ನೋಡಿ,
ರಿಜಿಸ್ಟರಿನ ನನ್ನ ಸಾಲಿಗೆ ಅಡ್ಡಗೆರೆ ಎಳೆದು,
ಆದೇಶವನ್ನು ಫೈಲಿಗೆ ಪೋಣಿಸಿಕೊಂಡ. ಆಮೇಲೆ ಬಾಗಿಲು.
ಅರ್ಧ ಆಳೆತ್ತರದ್ದು, ಬಗ್ಗಿ ದಾಟಬೇಕು.

ಹೊರಗೆ ಬಿಸಿಲು. ಬಸ್ ಸ್ಟ್ಯಾಂಡಿನವರೆಗೂ ಯೋಚಿಸಿದೆ,
ಈರಕ್ಕನ ಹಣ್ಣು ಕೊನೆಗೆ ಹೊರಬಿದ್ದಾಗ
ಕೆಂಪಗಿತ್ತೋ, ಕಪ್ಪಿಟ್ಟಿತ್ತೋ.
ಬಿಟ್ಟವನು ನಾನೇ. ಸಹಿ ನನ್ನದೇ.
ನೋಡಿದ್ದು ಚೀಟಿ ಮಾತ್ರ.