ಇಪ್ಪತ್ತೇಳು ಅಂಗುಲ

ಮೊದಲು ಅಳೆದದ್ದು ಗಾಲಿಕುರ್ಚಿಯನ್ನು.
ನೆಲದಿಂದ ಮೊಣಕಾಲಿಗೆ, ಮೊಣಕಾಲಿಂದ ಮೊಣಕೈಗೆ,
ಆಮೇಲೆ ಎಡಗೈ ಚಾಚಿದರೆ ಎಷ್ಟು ದೂರ ಎಂದು.
ಬಲಗೈ ಮಡಿಲಲ್ಲಿತ್ತು,
ಯಾರೋ ಮರೆತು ಹೋದ ಕೈಚೀಲದ ಹಾಗೆ.

ಇಪ್ಪತ್ತೊಂಬತ್ತು ಎಂದು ಬರೆದುಕೊಂಡೆ.
ನಾನು ಬಡಗಿ. ಗಿಡಮರಗಳ ಬಗ್ಗೆ ನನಗೆ ಗೊತ್ತಿದ್ದದ್ದು
ಅವು ಕೊನೆಗೆ ಹಲಗೆಯಾಗುತ್ತವೆ ಎಂಬುದಷ್ಟೆ.

ನಾರ್ತಂಬರ್ಲೆಂಡಿನ ಈ ಊರಲ್ಲಿ
ಕಲ್ಲಿದ್ದಲ ಗಣಿ ಮುಚ್ಚಿ ಎಷ್ಟೋ ಕಾಲವಾಯಿತು.
ಆಸ್ಪತ್ರೆಯ ಹಿಂದೆ, ಬಟ್ಟೆ ಒಗೆಯುವ ಕೋಣೆಯ ಹಬೆ
ಹೊರಬಿದ್ದು ಚದುರುವಲ್ಲಿ
ಮಣ್ಣಿನ ತೊಟ್ಟಿಗಳು, ಮೇಜಿನ ಹಾಗೆ ಕಾಲೂರಿ.
ಕಣ್ಣು ಕಾಣದ ಡೋರೀನ್ ಥೈಮ್ ಎಲೆ ಉಜ್ಜಿ ಮೂಸಿ
"ಯಾರ್ರೀ ಇದಕ್ಕೆ ಇಷ್ಟು ನೀರು ಹುಯ್ದವರು?"
ಎಂದು ದಿನಕ್ಕೊಂದು ಜಗಳ ತೆಗೆಯುತ್ತಾಳೆ.

ಕತ್‌ಬರ್ಟ್ ಇಪ್ಪತ್ತಾರು ವರ್ಷ
ಮಣ್ಣಿದ್ದಲ್ಲಿಗೆ ತಾನೇ ಇಳಿದು ಹೋದವನು,
ಪಂಜರದಲ್ಲಿ ನಿಂತು, ಕತ್ತಲಿಗೆ.
ಈಗ ಮಣ್ಣೇ ಎದ್ದು ಬಂದು
ಅವನೆದುರು ಕೂತಿದೆ.

ಪಾರ್ಶ್ವವಾಯು ಬಡಿದ ಮೇಲೆ
ಅವನ ಬಾಯಲ್ಲಿ ಉಳಿದ ಮಾತು ಒಂದೇ: ಅಲ್ಲ.
ಚಹಾ ಬೇಕಾ? ಅಲ್ಲ. ಬೇಕು ಅಂತಲೇ ಅರ್ಥ.
ಮಗಳು ಬಂದಿದ್ದಳಾ? ಅಲ್ಲ. ಬಂದಿದ್ದಳು, ನಿನ್ನೆ.

ನನ್ನ ತೊಟ್ಟಿಯ ಅಂಚನ್ನು ಗೆಣ್ಣಿನಿಂದ ಕುಟ್ಟಿದ.
ಅಲ್ಲ.
ಭುಜ ಎತ್ತಿ ತೋರಿಸಿದ, ಮುಖ ಕಿವುಚಿ.
ಕಾಲುಗಳನ್ನು ಎರಡಂಗುಲ ಕೊಯ್ದೆ.
ಮನುಷ್ಯನಿಗೆ ತಕ್ಕಂತೆ ನೆಲ ತಗ್ಗಿಸಿದ್ದು
ನನ್ನ ಕಸುಬಿನಲ್ಲಿ ಅದೇ ಮೊದಲು.

ಜೂನ್‌ನಲ್ಲಿ ಲೀಕ್ ಸಸಿ ಬಂತು,
ಈರುಳ್ಳಿಯ ದಾಯಾದಿ; ಗಡ್ಡೆ ಕಟ್ಟದು, ಕತ್ತಷ್ಟೇ ಉದ್ದ.
ಗೂಟದ ಹಿಡಿಗೆ ಸ್ಪಂಜು ಸುತ್ತಿ ದಪ್ಪ ಮಾಡಿಕೊಟ್ಟೆ.
ಎಡಗೈಯಲ್ಲೇ ಊರಿ ಊರಿ ಕುಳಿ ಮಾಡಿದ,
ಸಾಲು ಸೊಟ್ಟ, ಬಿಟ್ಟು ತಿದ್ದಿ ಮತ್ತೂ ಸೊಟ್ಟ.
ಸಸಿ ಇಳಿಬಿಟ್ಟ. ನಾನು ಮಣ್ಣು ಮುಚ್ಚಹೋದೆ.
ಅಲ್ಲ!
ಮಣಿಕಟ್ಟು ಹಿಡಿದುಬಿಟ್ಟ. ಝಾರಿಯ ಕಡೆ ಗದ್ದ ತೋರಿದ.
ನೀರು ಹುಯ್ದರೆ ಸಾಕು, ಮಣ್ಣು
ಬೇಕಾದಷ್ಟು ತಾನೇ ಜಾರುತ್ತದೆ,
ಮಿಕ್ಕ ಜಾಗ ಸಸಿ ಮೈತುಂಬಿಕೊಳ್ಳಲಿಕ್ಕೆ.
ಅಷ್ಟೂ ಇತ್ತು ಆ ಒಂದು ಅಲ್ಲದೊಳಗೆ.

ಚಿಕಿತ್ಸೆಯ ಇಫೆಯೋಮಾ ಕಾಗದ ಹಿಡಿದು ಬಂದಳು:
ಇಂದು ಮನಸ್ಸು ಹೇಗಿದೆ, ಸೊನ್ನೆಯಿಂದ ಹತ್ತರೊಳಗೆ?
ಅವನು ಹೆಬ್ಬೆರಳು ಒತ್ತಿದ.
ಆರರಿಂದ ಒಂಬತ್ತರವರೆಗೆ ಕೆಸರು.
ಆಕೆ ಏಳು ಎಂದು ಬರೆದಳು.
ಅಲ್ಲ.
ಎಂಟು ಮಾಡಿದಳು. ನಕ್ಕರು, ಇಬ್ಬರೂ.

ಹನ್ನೆರಡರಲ್ಲಿ ಐದನ್ನು ತುಕ್ಕುರೋಗ ತಿಂದಿತು.
ಅಕ್ಟೋಬರ್ ಮಳೆಗೆ ಹಲಗೆ ಬಾತು ಮೂಲೆ ಬಾಯಿಬಿಟ್ಟಿತು,
ಮೊಳೆ ಹೊಡೆಯಲು ಹೋಗಿದ್ದೆ ನಾನು.
ಅವನ ಬಲಗೈ ತೊಟ್ಟಿಯ ಅಂಚಿನ ಮೇಲಿತ್ತು.
ತಾನೇ ಬಂದಿತ್ತೋ, ಎಡಗೈ ಎತ್ತಿ ಇಟ್ಟಿತ್ತೋ,
ಕೇಳಲಿಲ್ಲ. ಕೇಳಿದರೆ ಸಿಗುವ ಉತ್ತರ ಗೊತ್ತಿದ್ದದ್ದೇ.
ಅದರ ಉಗುರಲ್ಲೂ
ಮಣ್ಣಿತ್ತು.